ಅರಮನೆ ಮೈದಾನದ ಸಂಜೆ, ಅಪೋಲೋದ ರಾತ್ರಿ

ಅಮೆರಿಕದ ಸಿನ್ಸಿನಾಟಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ಬಾರಿ ಊರಿಗೆ ಬಂದಾಗ ಬ್ಯಾಡರಹಳ್ಳಿಯ ನಮ್ಮ ಮನೆಗೂ ಬಂದು ಒಂದು ಮಧ್ಯಾಹ್ನ ಕುಳಿತು ಹೋದ. ಚಾಕೊಲೇಟು, ಬಾದಾಮಿಗಳ ಜೊತೆಗೆ ಒಂದು ಹಾಡಿನ ಸಿ.ಡಿ.ಯನ್ನೂ ತಂದಿದ್ದ. "ಸಾರ್, ಇದು ನಮ್ಮೂರಿನ ಕಂಪನಿ ಹೊರತಂದದ್ದು. ಒಮ್ಮೆ ಪೂರ್ತಿ ಕೇಳಿ ಸಾರ್. ಅರ್ಧ ಗಂಟೆ ಅಷ್ಟೆ" ಎಂದ. 'ನಮ್ಮೂರು' ಎಂದು ಅವನು ಹೇಳಿದ್ದು ಸಿನ್ಸಿನಾಟಿಯನ್ನು. ಹುಟ್ಟಿ ಬೆಳೆದದ್ದು ಸುಂಕದಕಟ್ಟೆಯಲ್ಲಿ. ಇರಲಿ, ಉಂಡ ಅನ್ನದ ಊರೂ ನಮ್ಮೂರೇ.

ಅವನು ಹೋದ ಮೇಲೆ, ಬರುವ ಭಾನುವಾರ, ಕಿಟಕಿ ಬಾಗಿಲು ಮುಚ್ಚಿ ಆ ಸಿ.ಡಿ.ಯನ್ನು ಹಾಕಿದೆ. ಜೇಮ್ಸ್ ಬ್ರೌನ್ ಎಂಬ ಕರಿಯ ಗಾಯಕನ ಕಛೇರಿಯ ಧ್ವನಿಮುದ್ರಣವದು. ಹೆಸರು 'ಲೈವ್ ಅಟ್ ದಿ ಅಪೋಲೋ'. ಮೊದಲ ಐದು ನಿಮಿಷ ನನಗೆ ಹಾಡೇ ಕೇಳಿಸಲಿಲ್ಲ, ಜನ ಮಾತ್ರ ಕೇಳಿಸಿದರು. ಹೆಂಗಸರು ಕಿರುಚುತ್ತಾರೆ, ಗಂಡಸರು ಕೂಗುತ್ತಾರೆ, ಗಾಯಕ ಒಂದು ಮಾತು ನಿಲ್ಲಿಸಿದರೆ ಸಭೆಯೇ ಅದನ್ನು ಪೂರೈಸುತ್ತದೆ. ನನ್ನ ಶ್ರೀಮತಿ ಅಡುಗೆಮನೆಯಿಂದ ಇಣುಕಿ, "ಯಾರಿಗೆ ಏನಾಯಿತು?" ಎಂದು ಕೇಳಿದಳು. "ಏನೂ ಇಲ್ಲ, ಸಂಗೀತ" ಎಂದೆ. ಆದರೆ ಎರಡನೆಯ ಸಲ ಕೇಳುವಾಗ ಆ ಗದ್ದಲದ ನಡುವೆ ನನಗೆ ಬೇರೊಂದು ಸಂಜೆ ನೆನಪಾಯಿತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರು ನಡೆಸಿಕೊಟ್ಟ 'ಕನ್ನಡವೇ ಸತ್ಯ'. ಅಂದು ಆ ಜನಸಾಗರದ ಹಿಂದಿನ ಸಾಲಿನಲ್ಲಿ ನಾನೂ ಒಬ್ಬನಾಗಿದ್ದೆ. ಅದರ ನೆನಪಿನೊಂದಿಗೆ ಇನ್ನೊಂದು ನೆನಪೂ ಬಂದಿತು. ಅದು ಅಷ್ಟು ಹಿತವಾದುದಲ್ಲ. ಎರಡನ್ನೂ ಬರೆಯುತ್ತೇನೆ.

ಮೊದಲು ಆ ಅಪೋಲೋದ ಕಥೆ. ನ್ಯೂಯಾರ್ಕಿನ ಹಾರ್ಲೆಮ್ ಎಂಬಲ್ಲಿ, 125ನೆಯ ಬೀದಿಯಲ್ಲಿ ಇರುವ ಅಪೋಲೋ ರಂಗಮಂದಿರ ಸುಮಾರು ಒಂದೂವರೆ ಸಾವಿರ ಜನ ಹಿಡಿಸುವಂಥದು. ನಮ್ಮ ರವೀಂದ್ರ ಕಲಾಕ್ಷೇತ್ರಕ್ಕಿಂತ ದೊಡ್ಡದು, ಆದರೆ ಮಹಾ ದೊಡ್ಡದೇನಲ್ಲ. ಅಲ್ಲಿಯ ಶ್ರೋತೃಗಳು ಕಠಿಣರೆಂದು ಹೆಸರು. ಮೆಚ್ಚದಿದ್ದರೆ ಹಾಡುವವನನ್ನು ಕೂಗಿ ಕೆಳಗಿಳಿಸುವವರು. ಅಂಥ ಕಡೆ 1962ರ ಅಕ್ಟೋಬರ್ 24ರಂದು ಜೇಮ್ಸ್ ಬ್ರೌನ್ ಹಾಡಿದ. ದಿನಾಂಕವನ್ನು ಗಮನಿಸಿ. ಕ್ಯೂಬಾದ ಕ್ಷಿಪಣಿಗಳ ವಿಷಯದಲ್ಲಿ ಅಮೆರಿಕ, ರಷ್ಯಾಗಳು ಅಣ್ವಸ್ತ್ರ ಯುದ್ಧದ ಅಂಚಿಗೆ ಬಂದು ನಿಂತಿದ್ದ ವಾರವದು; ಕ್ಯೂಬಾಕ್ಕೆ ಹಾಕಿದ ನೌಕಾ ದಿಗ್ಬಂಧನ ಜಾರಿಗೆ ಬಂದದ್ದೇ ಆ ದಿನ. ನಮ್ಮ ಕಡೆ ನೋಡಿದರೆ ಚೀನಾ ಅಕ್ಟೋಬರ್ 20ರಂದು ನಮ್ಮ ಗಡಿಯ ಮೇಲೆ ದಾಳಿ ಮಾಡಿ ನಾಲ್ಕೇ ದಿನವಾಗಿತ್ತು. ಜಗತ್ತು ನಾಳೆ ಇರುತ್ತದೆಯೋ ಇಲ್ಲವೋ ಎಂಬ ರಾತ್ರಿಯಲ್ಲಿ ಆ ಜನ ಹಾಡು ಕೇಳಲು ಬಂದಿದ್ದರು. ಆ ಕೂಗಿನಲ್ಲಿ ಅದರ ಪಾಲು ಎಷ್ಟಿತ್ತೋ ಅಳೆಯಲಾಗದು. ಇತಿಹಾಸದ ಅಧ್ಯಾಪಕರು ಪ್ರತಿ ಕೂಗಿಗೂ ಒಂದು ಕಾರಣ ಹುಡುಕುವುದುಂಟು, ನಾನು ಕನ್ನಡದ ಮೇಷ್ಟರು, ಬಿಟ್ಟುಬಿಡುತ್ತೇನೆ.

ಬ್ರೌನನ ಹಾಡುಗಳನ್ನು ಹೊರತರುತ್ತಿದ್ದದ್ದು ಸಿನ್ಸಿನಾಟಿಯ ಕಿಂಗ್ ರೆಕಾರ್ಡ್ಸ್. ಅದರ ಒಡೆಯ ಸಿಡ್ ನೇಥನ್‌ಗೆ ಕಛೇರಿಯ ಮುದ್ರಣವೆಂದರೆ ದಂಡದ ಖರ್ಚು. ಅವನ ಲೆಕ್ಕ ವ್ಯಾಪಾರಿಯ ಲೆಕ್ಕ, ತಪ್ಪೆನ್ನಲಾಗದು: ಈ ಹಾಡುಗಳೆಲ್ಲ ಆಗಲೇ ಬಿಡಿ ತಟ್ಟೆಗಳಾಗಿ ಮಾರಾಟವಾಗಿವೆ, ಜನರ ಮನೆಯಲ್ಲಿರುವ ಹಾಡನ್ನೇ, ಅದೂ ಗದ್ದಲದ ಸಮೇತ, ಮತ್ತೆ ದುಡ್ಡು ಕೊಟ್ಟು ಕೊಳ್ಳುವವರು ಯಾರು? ಬ್ರೌನ್ ತನ್ನದೇ ಕೈಯಿಂದ 5,700 ಡಾಲರು ಹಾಕಿ ಮುದ್ರಣ ಮಾಡಿಸಿದ. 1963ರ ಮೇ ತಿಂಗಳಲ್ಲಿ ತಟ್ಟೆ ಹೊರಬಂತು. ಅಮೆರಿಕದ 'ಬಿಲ್‌ಬೋರ್ಡ್' ಪತ್ರಿಕೆಯ ಜನಪ್ರಿಯತೆಯ ಪಟ್ಟಿಯಲ್ಲಿ ಅದು ಎರಡನೆಯ ಸ್ಥಾನಕ್ಕೆ ಏರಿತು, 66 ವಾರ ಆ ಪಟ್ಟಿಯಲ್ಲಿ ಉಳಿಯಿತು. ರೇಡಿಯೋದಲ್ಲಿ ಒಂದೊಂದು ಹಾಡು ಹಾಕುವುದು ವಾಡಿಕೆ; ಇದನ್ನು ಮಾತ್ರ ಕೇಳುಗರ ಒತ್ತಾಯಕ್ಕೆ ಒಂದು ಮಗ್ಗುಲು ಪೂರ್ತಿ, ನಡುವೆ ಜಾಹೀರಾತು, ಮತ್ತೆ ಇನ್ನೊಂದು ಮಗ್ಗುಲು ಪೂರ್ತಿ, ಹೀಗೆ ಹಾಕುತ್ತಿದ್ದರಂತೆ. 2004ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ಭಂಡಾರಕ್ಕೆ ಸೇರಿಸಿತು.

ಬ್ರೌನ್ ತನ್ನ ಆತ್ಮಕಥೆಯಲ್ಲಿ ಒಂದು ಪ್ರಸಂಗ ಹೇಳಿದ್ದಾನೆ. ಮುಂದಿನ ಸಾಲಿನಲ್ಲಿ ಮೈಕಿನ ಸಮೀಪ ಕುಳಿತಿದ್ದ ಒಬ್ಬ ಮುದುಕಿ ಮಧ್ಯೆ ಮಧ್ಯೆ, ಮರ್ಯಾದಸ್ಥರು ಬರೆಯಲಾಗದ ಬೈಗುಳ ಸೇರಿಸಿ, ಹಾಡನ್ನು ಹುರಿದುಂಬಿಸುತ್ತಿದ್ದಳಂತೆ. ಮುದ್ರಣ ಮಾಡುತ್ತಿದ್ದವರಿಗೆ ಮೊದಲು ತಲೆಬಿಸಿಯಾಯಿತು. ಆಮೇಲೆ ಅವಳು ಎಷ್ಟು ಬೆಲೆಬಾಳುವವಳೆಂದು ತಿಳಿದು, ಮುಂದಿನ ಪ್ರದರ್ಶನಗಳಿಗೂ ಅವಳನ್ನು ಅಲ್ಲೇ ಉಳಿಸಿಕೊಂಡರಂತೆ. ಈ ಮುದುಕಿಯನ್ನು ನೀವು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಈ ಬಗೆಯ ಸಂಗೀತಕ್ಕೆ ಅವರು 'ಸೋಲ್' ಎನ್ನುತ್ತಾರೆ, ಎಂದರೆ ಆತ್ಮ. ಚರ್ಚಿನಲ್ಲಿ ಪಾದ್ರಿ ಒಂದು ಮಾತು ಹೇಳಿದರೆ ಭಕ್ತರು ಮರುಮಾತು ಕೊಡುವ ಕ್ರಮವನ್ನೇ ಎತ್ತಿಕೊಂಡು ಅದಕ್ಕೆ ಲೌಕಿಕ ಪ್ರೇಮದ ಸಾಹಿತ್ಯ ಹೊಂದಿಸಿದರು. ಕೆಲವು ವರ್ಷಗಳಲ್ಲಿ ಇದೇ ಬ್ರೌನ್ ತಾಳದ ಮೊದಲ ಪೆಟ್ಟಿನ ಮೇಲೆ ಎಲ್ಲ ಭಾರವನ್ನೂ ಹಾಕಿ 'ಫಂಕ್' ಎಂಬ ಇನ್ನೊಂದು ಬಗೆಯನ್ನು ಹುಟ್ಟಿಸಿದ. ನಮ್ಮಲ್ಲಿ ಶಿಶುನಾಳ ಶರೀಫರು (1819–1889) ಇದರ ತಿರುವುಮುರುವು ಮಾಡಿದವರು. ಸೋರುವ ಮಾಳಿಗೆ, ಕೋಡಗವನ್ನು ನುಂಗುವ ಕೋಳಿ ಮುಂತಾದ ಮನೆಯ, ಹಿತ್ತಲಿನ ಮಾತುಗಳನ್ನು ಎತ್ತಿಕೊಂಡು ಆತ್ಮದ ಹಾಡು ಮಾಡಿದರು. ದಿಕ್ಕು ಬೇರೆ, ದಾರಿ ಒಂದೇ. ಒಬ್ಬ ಎತ್ತಿಕೊಡುತ್ತಾನೆ, ಕೂತವರು ಹಿಡಿದುಕೊಳ್ಳುತ್ತಾರೆ. ಭಜನೆಯ ಮನೆಯಲ್ಲಿ ಬೆಳೆದ ಯಾರಿಗೂ ಇದನ್ನು ವಿವರಿಸಬೇಕಿಲ್ಲ.

ಆದರೆ ಕನ್ನಡದ ಆಧುನಿಕ ಕವಿತೆ ಹೀಗೆ ಜನರ ಬಾಯಿಗೆ ಬರುವುದು ಸುಲಭವಾಗಿರಲಿಲ್ಲ. ಹುಯಿಲಗೋಳ ನಾರಾಯಣರಾಯರ ನಾಡಗೀತೆ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿತ್ತು, ನಿಜ. ಅದು ಚಳವಳಿಯ ಗೀತೆ. ಒಬ್ಬ ಕವಿ ತನ್ನ ಅಂತರಂಗದಲ್ಲಿ ಬರೆದುಕೊಂಡ ಭಾವಗೀತೆಯನ್ನು ವೇದಿಕೆಗೆ ತಂದು, ಅದಕ್ಕೊಂದು ಶ್ರೋತೃವರ್ಗವನ್ನು ಕಟ್ಟಿದವರು ಪಿ. ಕಾಳಿಂಗರಾಯರು (1914–1981). ಮೋಹನಕುಮಾರಿ, ಸೋಹನಕುಮಾರಿಯರೊಡನೆ ಅವರು ಊರೂರು ತಿರುಗಿ ಹಾಡಿದರು. ಜಿ.ಪಿ. ರಾಜರತ್ನಂ ಅವರ ರತ್ನನ ಪದಗಳು ಓದುಬರಹ ಬಾರದವರ ಬಾಯಿಗೂ ಬಂದದ್ದು ಈ ಹಾಡುಗಾರಿಕೆಯಿಂದ. ಅವರ ದಾರಿಯಲ್ಲಿ ಮೈಸೂರು ಅನಂತಸ್ವಾಮಿ ಬಂದರು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿಯಾಗಿ ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಅದೇ. ನಿಸಾರರು ಭೂವಿಜ್ಞಾನದ ಅಧ್ಯಾಪಕರಾಗಿದ್ದವರು. ಕಲ್ಲಿನ ಪಾಠ ಹೇಳುತ್ತಿದ್ದವರ ಕವಿತೆ ಮೊದಲು ಕ್ಯಾಸೆಟ್ಟಾಯಿತು; ಕವಿತೆಯ ಪಾಠ ಹೇಳುತ್ತಿದ್ದ ನಮ್ಮಲ್ಲಿ ಹಲವರು ಕಲ್ಲಾಗಿಯೇ ಉಳಿದೆವು.

ಆ ಕ್ಯಾಸೆಟ್ಟು ಬಂದಾಗ ನಾನು ಕಾಲೇಜಿನಲ್ಲಿದ್ದೆ. ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ನಾಲ್ಕು ಮನೆ ಆಚೆ, ಕೊಲ್ಲಿಯಿಂದ ಬಂದ ಅಳಿಯನೊಬ್ಬ ತಂದುಕೊಟ್ಟಿದ್ದ ಟೂ-ಇನ್-ಒನ್ ಇತ್ತು. ಅವರು ಸಂಜೆ ಅದನ್ನು ಕಿಟಕಿಯಲ್ಲಿಟ್ಟು ಹಚ್ಚುತ್ತಿದ್ದರು. ಬೀದಿಯವರೆಲ್ಲರಿಗೂ ಧರ್ಮದ ಸಂಗೀತ. ಸುರುಳಿ ಸಿಕ್ಕಿಕೊಂಡರೆ ಪೆನ್ಸಿಲು ತೂರಿಸಿ ಸುತ್ತುವ ಕೆಲಸ ನನ್ನದು, ಅದಕ್ಕೆ ಪ್ರತಿಯಾಗಿ ನನಗೆ ಬೇಕಾದ ಹಾಡು ಎರಡು ಸಲ. ಹತ್ತು ವರ್ಷಗಳಲ್ಲಿ ಸ್ಥಿತಿ ಬದಲಾಯಿತು. ಮಾಗಡಿ ರಸ್ತೆಯ ಸಣ್ಣ ಕಾರ್ಖಾನೆಗಳಲ್ಲಿ ದುಡಿಯುವವರ ಒಂದು ಕೋಣೆಯ ಮನೆಗಳಲ್ಲೂ ಕ್ಯಾಸೆಟ್ಟುಗಳು ಬಂದವು. ಬೇಂದ್ರೆ, ಕುವೆಂಪು, ಕೆ.ಎಸ್.ನ. ಅವರ ಪುಸ್ತಕ ಒಂದೂ ಇಲ್ಲದ ಮನೆಯಲ್ಲಿ ಅವರ ಹಾಡು ಇರುತ್ತಿತ್ತು.

ಅಶ್ವತ್ಥ್ ಈ ಕಾಲದವರು. 1939ರ ಡಿಸೆಂಬರ್ 29ರಂದು ಚನ್ನರಾಯಪಟ್ಟಣದಲ್ಲಿ ಹುಟ್ಟಿದರು. ಐ.ಟಿ.ಐ. ಕಾರ್ಖಾನೆಯಲ್ಲಿ 27 ವರ್ಷ ನೌಕರಿ ಮಾಡಿದರು, ಅದರ ನಡುವೆಯೇ ಹಾಡಿದರು. ಅವರ ಸಂಗೀತ ರಂಗಭೂಮಿಯಲ್ಲಿ ಪಳಗಿದ್ದು. 1977ರ 'ಕಾಕನಕೋಟೆ' ಚಿತ್ರದಿಂದ ಸಿನಿಮಾಕ್ಕೂ ಬಂದರು. ಮೊದಲಿನವರ ಭಾವಗೀತೆ ಕೇಳುಗನ ಕಿವಿಯ ಬಳಿ ಬಂದು ಹೇಳುವಂಥದು. ಅಶ್ವತ್ಥರದು ಹಾಗಲ್ಲ, ನಾಟಕದ ಪಾತ್ರಧಾರಿ ಕೊನೆಯ ಬೆಂಚಿನವನಿಗೂ ಕೇಳಿಸುವಂತೆ ಎದೆ ತೆರೆದು ಹೇಳುವ ಧ್ವನಿ. ತಾರಕಕ್ಕೆ ಹೋದಾಗ ಅದು ಒಡೆಯುತ್ತದೆಯೋ ಎಂಬ ಭಯ ಹುಟ್ಟಿಸುತ್ತಿತ್ತು; ಒಡೆಯುತ್ತಿರಲಿಲ್ಲ. ಶರೀಫರ ತತ್ತ್ವಪದಗಳಿಗೆ ಈ ಧ್ವನಿ ಒದಗಿತು. ಆ ಪದಗಳನ್ನು ಸಂಗ್ರಹಿಸಿ ಅವರ ಕೈಗಿತ್ತವರು ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು, ಇದರಿಂದಾಗಿ ಅವರಿಗೆ 'ಶರೀಫ ಭಟ್ಟ' ಎಂಬ ಪ್ರೀತಿಯ ಹೆಸರೇ ಬಿತ್ತು. ಶಿವಮೊಗ್ಗ ಸುಬ್ಬಣ್ಣನವರ ಕಂಠವೂ ಸೇರಿ ಧಾರವಾಡ ಸೀಮೆಯ ಸಂತ ಹಳೆಯ ಮೈಸೂರಿನ ಅಡುಗೆಮನೆಗಳಿಗೆ ಬಂದ. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ, 1992ರಲ್ಲಿ 'ಮೈಸೂರು ಮಲ್ಲಿಗೆ', ಎರಡಕ್ಕೂ ಅಶ್ವತ್ಥರದೇ ಸಂಗೀತ. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಸಂಕಲನ ಪ್ರಕಟವಾದದ್ದು 1942ರಲ್ಲಿ. ಅರ್ಧ ಶತಮಾನದ ನಂತರ ಅದರ ಕವಿತೆಗಳಿಗೆ ಶ್ರೇಷ್ಠ ಗೀತರಚನೆಯ ರಾಷ್ಟ್ರಪ್ರಶಸ್ತಿ ಬಂತು.

ಈಗ ಆ ಹಿತವಲ್ಲದ ನೆನಪು.

1994ರ ಸುಮಾರಿನಲ್ಲಿ ನಾನು ಹತ್ತನೆಯ ತರಗತಿಗೆ ಕನ್ನಡ ತೆಗೆದುಕೊಳ್ಳುತ್ತಿದ್ದೆ. ಪದ್ಯಭಾಗವನ್ನು ನಾನು ಕಲಿಸುತ್ತಿದ್ದ ಕ್ರಮ ನಿಮಗೆಲ್ಲ ಗೊತ್ತು: ಮೊದಲು ಕವಿಪರಿಚಯ, ಬಳಿಕ ಕಠಿಣ ಪದಗಳ ಅರ್ಥ, ಆಮೇಲೆ ಸಾರಾಂಶ, ಕೊನೆಗೆ ಪ್ರಸ್ತಾರ. ಪ್ರಸ್ತಾರ ಹಾಕಲು ಬಾರದವನಿಗೆ ಕವಿತೆ ತಿಳಿಯದು ಎಂಬುದು ನನ್ನ ನಂಬಿಕೆಯಾಗಿತ್ತು. ಒಂದು ದಿನ ಕಂಠಪಾಠ ಒಪ್ಪಿಸುವ ಸರದಿ. ಕೊನೆಯ ಬೆಂಚಿನಿಂದ ಎದ್ದ ಹುಡುಗನೊಬ್ಬ ಆ ಭಾವಗೀತೆಯನ್ನು ಓದಲಿಲ್ಲ, ಹಾಡಿದ. ಕ್ಯಾಸೆಟ್ಟಿನಲ್ಲಿ ಹೇಗಿತ್ತೋ ಹಾಗೆಯೇ, ಅಶ್ವತ್ಥರ ಎಳೆತ, ತಡೆ, ಕೊನೆಯಲ್ಲಿ ಧ್ವನಿಯನ್ನು ಎತ್ತುವ ರೀತಿ, ಎಲ್ಲವೂ. ತಂದೆ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದವರು. ಬರಹದಲ್ಲಿ ಅವನು ಸಾಧಾರಣ, ಒತ್ತಕ್ಷರ ತಪ್ಪುತ್ತಿತ್ತು. ಹಾಡುವಾಗ ಒಂದು ಅಕ್ಷರವೂ ತಪ್ಪಲಿಲ್ಲ. ಎರಡನೆಯ ನುಡಿಗೆ ಬರುವ ಹೊತ್ತಿಗೆ ತರಗತಿಯೇ ಡೆಸ್ಕಿನ ಮೇಲೆ ತಾಳ ಹಾಕತೊಡಗಿತು. ಪಕ್ಕದ ತರಗತಿಯಿಂದ ಯಾರೋ ಇಣುಕಿದರು. ನನಗೆ ರೇಗಿತು. "ಇದೇನು ಆರ್ಕೆಸ್ಟ್ರಾನಾ? ಕೂತ್ಕೊ" ಎಂದೆ. ಎಲ್ಲರೂ ನಕ್ಕರು. ತಾಳ ಹಾಕಿದವರೇ ನಕ್ಕರು. ಅವನು ಕುಳಿತ. ಆ ವರ್ಷ ಮುಗಿಯುವವರೆಗೆ ಅವನಾಗಿ ಒಂದು ಮಾತೂ ಆಡಲಿಲ್ಲ, ಕರೆದಾಗ ಎದ್ದು ನಿಲ್ಲುತ್ತಿದ್ದ, ಅಷ್ಟೆ.

ಆಗ ಅದು ನನಗೆ ಶಿಸ್ತಿನ ವಿಷಯವಾಗಿ ಕಂಡಿತ್ತು. ನನ್ನ ಪಕ್ಷದಲ್ಲಿ ದೊಡ್ಡವರೂ ಇದ್ದರು. ಕವಿತೆಯನ್ನು ಹಾಡಿದರೆ ರಾಗ ಗೆಲ್ಲುತ್ತದೆ, ಅರ್ಥ ಸೋಲುತ್ತದೆ. ವಾದ್ಯಗಳ ಅಬ್ಬರದಲ್ಲಿ ಕವಿ ಕಳೆದುಹೋಗುತ್ತಾನೆ. ಕೇಳುವವನಿಗೆ ಪಲ್ಲವಿಯೊಂದೇ ನೆನಪಿರುತ್ತದೆ ಎಂಬ ವಾದ ಆ ಕಾಲದ ಸಾಹಿತ್ಯ ವಲಯದಲ್ಲಿ ಬಲವಾಗಿತ್ತು. ಅದರಲ್ಲಿ ಹುರುಳಿಲ್ಲವೆಂದು ಇಂದಿಗೂ ಹೇಳಲಾರೆ. ಅಶ್ವತ್ಥರ ಕೆಲವು ಸಂಯೋಜನೆಗಳಲ್ಲಿ ಮಾತಿಗೆ ಬೇಕಾದ ಮೌನವನ್ನು ವಾದ್ಯ ನುಂಗಿದೆ ಎಂದೇ ನನ್ನ ಅಭಿಪ್ರಾಯ. ಅನಂತಸ್ವಾಮಿಯವರು ಕವಿಗೆ ಹೆಚ್ಚು ಜಾಗ ಬಿಡುತ್ತಿದ್ದರು.

ಇಷ್ಟು ಅನುಮಾನ ಇಟ್ಟುಕೊಂಡೇ 2005ರಲ್ಲಿ ಅರಮನೆ ಮೈದಾನಕ್ಕೆ ಹೋದದ್ದು. ನನ್ನ ಸಹೋದ್ಯೋಗಿ ವಿಜ್ಞಾನದ ಮೇಷ್ಟರು ಎಳೆದುಕೊಂಡು ಹೋದರು. ಬ್ಯಾಡರಹಳ್ಳಿಯಿಂದ ಮೆಜೆಸ್ಟಿಕ್, ಅಲ್ಲಿಂದ ಮೇಖ್ರಿ ವೃತ್ತದ ಬಸ್ಸು. ಆ ಬಸ್ಸಿನಲ್ಲೇ ನನಗೆ ಆಶ್ಚರ್ಯ ಆರಂಭವಾಯಿತು. ಮಡಿಲಲ್ಲಿ ಮಗುವಿಟ್ಟುಕೊಂಡ ತಾಯಂದಿರು, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ಬ್ಯಾಂಕಿನಿಂದ ನಿವೃತ್ತರಾದವರು, ಕಾಲೇಜಿನ ಹುಡುಗರು, ಎಲ್ಲರೂ ಅಲ್ಲಿಗೇ. ಅದೇ ಮೈದಾನದಲ್ಲಿ 2001ರಲ್ಲಿ ಡೀಪ್ ಪರ್ಪಲ್, 2003ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದವರು ಬಂದು ಹಾಡಿದ್ದರು. ಅಷ್ಟು ದೊಡ್ಡ ಬಯಲಿಗೆ ಅಂಥವರೇ ಸರಿ ಎಂದು ಎಲ್ಲರೂ ಭಾವಿಸಿದ್ದ ಕಾಲ. ಅಲ್ಲಿ ಕುವೆಂಪು, ಬೇಂದ್ರೆ, ಶರೀಫರ ಸಾಹಿತ್ಯ ಕೇಳಲು ಲಕ್ಷದ ಲೆಕ್ಕದಲ್ಲಿ ಜನ ಸೇರಿದರೆಂದು ಈಗಲೂ ಹೇಳುತ್ತಾರೆ. ನಾನು ಎಣಿಸಲಿಲ್ಲ. ನಮಗೆ ಸಿಕ್ಕ ಜಾಗದಿಂದ ವೇದಿಕೆಯ ಮೇಲಿನವರು ಬೆರಳಿನಷ್ಟು ಕಾಣುತ್ತಿದ್ದರು ಎಂಬುದು ಮಾತ್ರ ನಿಶ್ಚಯ.

ಸಿಡ್ ನೇಥನ್ ಕೇಳಿದ ಪ್ರಶ್ನೆಯನ್ನು ಅಂದು ಯಾರಾದರೂ ಕೇಳಬಹುದಿತ್ತು. ಆ ಹಾಡುಗಳಲ್ಲಿ ಹೊಸದೇನಿತ್ತು? ಬಂದವರ ಮನೆಯಲ್ಲಿ ಕ್ಯಾಸೆಟ್ಟುಗಳಿದ್ದವು, ಸವೆದುಹೋಗುವಷ್ಟು ಕೇಳಿದ್ದರು. ಹೊಸತನ್ನು ಕೇಳಲು ಬಂದವರಲ್ಲ ಅವರು. ಇಷ್ಟು ವರ್ಷ ತಮ್ಮ ತಮ್ಮ ಮನೆಯಲ್ಲಿ, ಅಡುಗೆ ಮಾಡುತ್ತಲೋ ಮಗುವನ್ನು ಮಲಗಿಸುತ್ತಲೋ, ಒಬ್ಬೊಬ್ಬರೇ ಕೇಳಿಕೊಂಡಿದ್ದ ಹಾಡು ಬೇರೆಯವರ ಮನೆಯಲ್ಲೂ ಇತ್ತು ಎಂಬುದನ್ನು ಕಣ್ಣಾರೆ ನೋಡಲು ಬಂದಿದ್ದರು. ನನ್ನ ಪಕ್ಕದಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು, ಕೈಚೀಲದಲ್ಲಿ ಚಪಾತಿ ಕಟ್ಟಿಕೊಂಡು ಬಂದಿದ್ದರು. ಶರೀಫರ ಪದ ಆರಂಭವಾದೊಡನೆ ಅವರು ಹಾಡತೊಡಗಿದರು. ಅವರಿಗೆ ಶ್ರುತಿಯೂ ಇಲ್ಲ, ಸಂಕೋಚವೂ ಇಲ್ಲ. ನಡುವೆ ವೇದಿಕೆಯತ್ತ ಕೈಯೆತ್ತಿ, "ಹಾಂ, ಹಂಗೆ! ಹೇಳಪ್ಪಾ!" ಎಂದು ಕೂಗುತ್ತಿದ್ದರು. ಅಪೋಲೋದ ಮುದುಕಿಯ ಕಥೆ ಕೇಳಿದಾಗ ನನಗೆ ನೆನಪಾದದ್ದು ಅವರು. ಬೈಗುಳ ಇರಲಿಲ್ಲ ಅಷ್ಟೆ.

ಇನ್ನೊಂದು ವಿಚಿತ್ರ. ನಮ್ಮ ಸುತ್ತಿನವರ ಚಪ್ಪಾಳೆ ಮುಂದಿನವರ ಚಪ್ಪಾಳೆಗೆ ಹೊಂದುತ್ತಿರಲಿಲ್ಲ. ತಾಳ ತಪ್ಪುತ್ತಿದೆ ಎಂದು ನಾನು ಮುಖ ಸಿಂಡರಿಸಿದೆ. ವಿಜ್ಞಾನದ ಮೇಷ್ಟರು ಕಿವಿಯಲ್ಲಿ ಕೂಗಿ ಹೇಳಿದರು: "ತಾಳ ತಪ್ಪಿಲ್ಲ ಮಾರಾಯರೇ, ಶಬ್ದ ಒಂದು ಸೆಕೆಂಡಿಗೆ ಮುನ್ನೂರ ನಲವತ್ತು ಮೀಟರು ತಾನೆ?" ಹೌದಲ್ಲ! ವೇದಿಕೆಯಿಂದ 170 ಮೀಟರ್ ದೂರ ನಿಂತವನಿಗೆ ಹಾಡು ಅರ್ಧ ಸೆಕೆಂಡು ತಡವಾಗಿ ತಲುಪುತ್ತದೆ. ಅವನು ತನಗೆ ಕೇಳಿದ್ದಕ್ಕೆ ಸರಿಯಾಗಿಯೇ ತಟ್ಟುತ್ತಾನೆ. ಆ ಚಪ್ಪಾಳೆ ವೇದಿಕೆಗೆ ಮರಳುವುದಕ್ಕೆ ಇನ್ನರ್ಧ ಸೆಕೆಂಡು. ಪ್ರತಿಯೊಬ್ಬನೂ ತನ್ನ ಜಾಗದಲ್ಲಿ ತಾಳಬದ್ಧ, ಆದರೆ ಒಟ್ಟು ಕೇಳಿದರೆ ಮಳೆ ಬಿದ್ದ ಹಾಗೆ. ಸಾವಿರ ಜನರ ಸಭಾಂಗಣದಲ್ಲಿ ಹೀಗಾಗುವುದಿಲ್ಲ. ಅಪೋಲೋದ ಚಪ್ಪಾಳೆಗಳು ಒಂದೇ ಕೈಯಂತೆ ಬೀಳಲು, ನಮ್ಮ ಅರಮನೆ ಮೈದಾನದ ಚಪ್ಪಾಳೆ ಹಾಡಿನ ಹಿಂದೆ ಅಲೆಯಾಗಿ ಬರಲು ಇದೇ ಕಾರಣ. ನಾನು ತಪ್ಪೆಂದು ತಿಳಿದದ್ದು ದೂರವಾಗಿತ್ತು. ಮುಂದೆ ಕೂರಲು ಸಿಕ್ಕದವನ ತಾಳ ತಡವಾಗಿ ಕೇಳಿಸುತ್ತದೆ, ಅಷ್ಟೆ.

ಆಗ, ಆ ಗಲಾಟೆಯ ನಡುವೆ, ನನಗೆ ಆ ಡೆಸ್ಕಿನ ತಾಳ ನೆನಪಾಯಿತು. ಅಂದು ಕೊನೆಯ ಬೆಂಚಿನ ಹುಡುಗ ಹಾಡಿದ್ದು ಪಾಠಕ್ಕೆ ಅಡ್ಡಿ ಎಂದು ನಾನು ತಿಳಿದಿದ್ದೆ. ಆ ವರ್ಷವಿಡೀ ನನ್ನ ತರಗತಿಯಲ್ಲಿ ಆ ಕವಿತೆ ಜೀವ ಪಡೆದದ್ದು ಆ ಎರಡು ನಿಮಿಷ ಮಾತ್ರ ಎಂದು ತಿಳಿಯಲು ಹನ್ನೊಂದು ವರ್ಷ ಬೇಕಾಯಿತು. ಕಾರ್ಯಕ್ರಮ ಮುಗಿದು ಹೊರಬರಲು ಬಹಳ ಹೊತ್ತು ಹಿಡಿಯಿತು. ಮಾಗಡಿ ರಸ್ತೆ ಟೋಲ್‌ಗೇಟಿನವರೆಗೆ ಬಸ್ಸು ಸಿಕ್ಕಿತು, ಅಲ್ಲಿಂದ ಮೂವರು ಅಪರಿಚಿತರೊಡನೆ ಆಟೋ ಹಂಚಿಕೊಂಡೆವು. ಅವರೂ ಅಲ್ಲಿಂದಲೇ ಬಂದವರು. ಸುಮನಹಳ್ಳಿ ದಾಟುವವರೆಗೆ ಯಾರೂ ಮಾತಾಡಲಿಲ್ಲ. ಬಳಿಕ ಆಟೋದವನೇ ಗುನುಗತೊಡಗಿದ.

ಮರುದಿನದಿಂದ ನಾನು ಪದ್ಯಪಾಠದ ಕ್ರಮ ಬದಲಿಸಿದೆ. ಪ್ರಸ್ತಾರವನ್ನು ಬಿಡಲಿಲ್ಲ, ಹಾಡಿನ ನಂತರಕ್ಕೆ ತಳ್ಳಿದೆ. 2005ರಿಂದ ಈಚೆಗೆ ನನ್ನಲ್ಲಿ ಓದಿದವರಿಗೆ ನಾನು ಟೇಪ್ ರೆಕಾರ್ಡರ್ ಹೊತ್ತು ತರುವ ಮೇಷ್ಟರು. ಅದಕ್ಕಿಂತ ಮೊದಲು ಓದಿದವರಿಗೆ ಲಘು-ಗುರು ಮೇಷ್ಟರು. ನಿಮ್ಮ ಮದುವೆಗಳಲ್ಲಿ ಎರಡೂ ಬಗೆಯವರು ಎದುರಾಗಿ ಒಬ್ಬರ ಮಾತನ್ನು ಇನ್ನೊಬ್ಬರು ನಂಬದಿರುವುದನ್ನು ನಾನು ಕಂಡಿದ್ದೇನೆ.

ರಾಗದ ವ್ಯಾಜ್ಯ ಮುಂದೆ ನ್ಯಾಯಾಲಯದವರೆಗೂ ಹೋಯಿತು. ಕುವೆಂಪು ಅವರ ನಾಡಗೀತೆಯನ್ನು ಸರ್ಕಾರ 2004ರ ಜನವರಿ 6ರಂದು ಅಧಿಕೃತಗೊಳಿಸಿದರೂ ಯಾವ ಧಾಟಿಯಲ್ಲಿ ಹಾಡಬೇಕೆಂಬುದು ಇತ್ಯರ್ಥವಾಗಿರಲಿಲ್ಲ. ಅನಂತಸ್ವಾಮಿಯವರ ಧಾಟಿಯೋ, ಅಶ್ವತ್ಥರದೋ ಎಂದು ವರ್ಷಗಟ್ಟಲೆ ಚರ್ಚೆ. ಬಿಸಿಲಿನಲ್ಲಿ ಮಕ್ಕಳನ್ನು ನಿಲ್ಲಿಸಿ ಪೂರ್ಣಪಾಠ ಹಾಡಿಸಿದ ನಮ್ಮಂಥ ಮೇಷ್ಟರುಗಳಿಗೆ ಧಾಟಿಗಿಂತ ಅವಧಿಯದೇ ಚಿಂತೆಯಾಗಿತ್ತೆನ್ನಿ. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಆದೇಶಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2024ರಲ್ಲಿ ಉಚ್ಚ ನ್ಯಾಯಾಲಯ ವಜಾ ಮಾಡಿತು. ಆದೇಶ ನನಗೆ ಸಮ್ಮತವೇ. ಪ್ರಾರ್ಥನೆಯ ಸಾಲಿಗೆ ಆ ಧಾಟಿ ಒಪ್ಪುತ್ತದೆ. ಆದರೆ ಬಚ್ಚಲುಮನೆಯಲ್ಲಿ ಯಾರು ಯಾವ ಧಾಟಿಯಲ್ಲಿ ಹಾಡುತ್ತಾರೆ ಎಂಬುದು ಯಾವ ಆದೇಶಕ್ಕೂ ಎಟಕುವುದಿಲ್ಲ.

ಅಶ್ವತ್ಥರು 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ ತೀರಿಕೊಂಡರು. ಅನಂತಸ್ವಾಮಿಯವರು 1995ರಲ್ಲೇ ಹೋಗಿದ್ದರು. ನಿಸಾರರು 2020ರಲ್ಲಿ, ಲಕ್ಷ್ಮೀನಾರಾಯಣ ಭಟ್ಟರು 2021ರಲ್ಲಿ, ಸುಬ್ಬಣ್ಣನವರು 2022ರಲ್ಲಿ. ಜೇಮ್ಸ್ ಬ್ರೌನ್ 2006ರ ಕ್ರಿಸ್‌ಮಸ್ ದಿನ. ಧ್ವನಿಸುರುಳಿ ಹೋಯಿತು, ಸಿ.ಡಿ.ಯೂ ಬಹುಮಟ್ಟಿಗೆ ಹೋಯಿತು. ಈಗ ಎಲ್ಲವೂ ಫೋನಿನಲ್ಲಿದೆ. ಈಚೆಗೆ ಅಶ್ವತ್ಥರ ಹಾಡುಗಳನ್ನು ಮತ್ತೆ ಕೇಳುವಾಗ ನನ್ನ ಕಿವಿ ಬದಲಾಗಿರುವುದನ್ನು ಗಮನಿಸಿದೆ. ಸ್ಟುಡಿಯೋದಲ್ಲಿ ಮಾಡಿದ ಮುದ್ರಣ ಶುದ್ಧವಾಗಿದೆ, ಪ್ರತಿ ಅಕ್ಷರವೂ ಸ್ಪಷ್ಟ. ಆದರೂ ಪಲ್ಲವಿ ಮರಳಿ ಬಂದಾಗ ಏನೋ ಬರಬೇಕಿತ್ತು, ಬರಲಿಲ್ಲ ಎನಿಸುತ್ತದೆ. ಆ ಚಪಾತಿಯ ಚೀಲದ ತಾಯಿ ಅಲ್ಲಿಲ್ಲ.

ಸಿನ್ಸಿನಾಟಿಯ ಶಿಷ್ಯನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವನು ಆ 1994ರ ತರಗತಿಯಲ್ಲೇ ಇದ್ದವನು. "ಸಾರ್, ನನಗೆ ಚೆನ್ನಾಗಿ ನೆನಪಿದೆ. ಡೆಸ್ಕ್ ಬಡಿದವರಲ್ಲಿ ನಾನೂ ಒಬ್ಬ, ನಕ್ಕವರಲ್ಲೂ ನಾನೂ ಒಬ್ಬ" ಎಂದ. ಹಾಡಿದವನು ಈಗ ಎಲ್ಲಿದ್ದಾನೆಂದು ಅವನಿಗೂ ತಿಳಿಯದು. ಹತ್ತನೆಯ ತರಗತಿಯ ಬಳಿಕ ಕಾಮಾಕ್ಷಿಪಾಳ್ಯದ ಕಡೆ ಕೆಲಸಕ್ಕೆ ಸೇರಿದ್ದನಂತೆ, ಆಮೇಲೆ ಮನೆ ಬದಲಿಸಿದರಂತೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಆ ತಂಡದವರಿಗೆ ಯಾರೆಂದು ಗೊತ್ತಾಗಿರುತ್ತದೆ. ನಿಮ್ಮಲ್ಲಿ ಯಾರಿಗಾದರೂ ಅವನ ವಿಳಾಸವೋ ಫೋನ್ ನಂಬರೋ ತಿಳಿದಿದ್ದರೆ ದಯವಿಟ್ಟು ನನಗೆ ತಿಳಿಸಿ. ನಾನು ಸಂಜೆ ನಾಲ್ಕರ ಮೇಲೆ ಮನೆಯಲ್ಲೇ ಇರುತ್ತೇನೆ.